ಹೊರಗೆ ಕೂತ ದಿನಗಳು

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯಡ್ತರೆಯ ತವರಿನಲ್ಲಿ ಎರಡನೇ ಬಾಣಂತನ ಮುಗಿಸಿ ಹೆಮ್ಮಾಡಿಯ ಗಂಡನ ಮನೆಗೆ ಬಂದಾಗ ನನ್ನ ಜೊತೆ ಬಂದದ್ದು ಕೂಸು ಮಾತ್ರವಲ್ಲ. ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ಸೀರೆ ಒದ್ದೆಯಾಗುತ್ತಿತ್ತು. ಕೂಸು ಮಾಡಬೇಕಾದ್ದನ್ನು ಹೆತ್ತವಳೇ ಮಾಡಿದರೆ ಯಾರ ಹತ್ತಿರ ಹೇಳುವುದು? ನುಂಗಲಾಗದ, ಉಗುಳಲಾಗದ ಬಿಸಿತುಪ್ಪ.

ನಮ್ಮಲ್ಲಿ ಮುಟ್ಟಾದವರು ಒಳಗೆ ಬರುವಂತಿರಲಿಲ್ಲ. ಜಗಲಿಯ ಮೂಲೆಯಲ್ಲಿ ಬೇರೆ ಚಾಪೆ, ಬಟ್ಟೆಯನ್ನೂ ಬೇರೆಯೇ ಒಗೆಯಬೇಕು. ಯಾರೂ ಹತ್ತಿರ ಸುಳಿಯುವುದಿಲ್ಲ. ವಾಸನೆ ಬಂದೀತೆಂಬ ಹೆದರಿಕೆಯಲ್ಲಿದ್ದ ನನಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಕಾಣಲಿಲ್ಲ. ಕೆಮ್ಮು ಜೋರಾದಾಗಲೆಲ್ಲ "ಹೊರಗಾಯ್ತ್" ಎಂದು ಹೋಗಿ ಕೂರುತ್ತಿದ್ದೆ.

ಅತ್ತೆಗೆ ಗಾಬರಿಯಾಯಿತು.

"ಎಂತ ಹೆಣೆ, ಮೊನ್ನೆ ಮಿಂದದ್ದಲ್ದಾ? ಮತ್ತೆ ಆಯ್ತಾ? ರಕ್ತ ಹೀಂಗೆ ಹೋರೆ ಜೀವ ಉಳಿತ್ತಾ?"

ಕಷಾಯ ಕುಡಿಸಿ ನೋಡಿದರು. ಕೊನೆಗೆ ಕೂಸನ್ನು ತಾವೇ ಸೊಂಟಕ್ಕೇರಿಸಿಕೊಂಡು ನನ್ನನ್ನು ಕುಂದಾಪುರದ ಬಸ್ಸು ಹತ್ತಿಸಿದರು. ನಾನು ಸೀರೆಯೊಳಗೆ ಹಳೇ ಪಂಚೆ ಮಡಚಿಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಹಲ್ಲು ಕಚ್ಚಿ ಕೂತಿದ್ದೆ.

"ರಕ್ತ ಎಷ್ಟು ದಿನದಿಂದ ಹೋಗುತ್ತಿದೆ?" ಎಂದು ಡಾಕ್ಟರಮ್ಮ ಕೇಳಿದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ರಕ್ತ ಅಲ್ಲ ಅಮ್ಮ. ಉಚ್ಚಿ," ಎಂದೆ. ಒದ್ದೆಯ ನಾಚಿಕೆಗೆ ಸುಳ್ಳಿನ ನಾಚಿಕೆಯೂ ಸೇರಿ ಕಣ್ಣಲ್ಲಿ ನೀರು ಬಂತು.

ಡಾಕ್ಟರಮ್ಮ ನಗಲಿಲ್ಲ. ಹೊಟ್ಟೆಯ ಅಡಿಯಲ್ಲಿ ಜೋಳಿಗೆಯ ಹಾಗೆ ಸ್ನಾಯುಗಳಿವೆ, ಗರ್ಭಕೋಶ, ಮೂತ್ರಚೀಲ ಎಲ್ಲವನ್ನೂ ಅವೇ ಹೊತ್ತಿರುವುದು, ಹೆರಿಗೆಯಲ್ಲಿ ಸಡಿಲವಾಗುತ್ತವೆ ಎಂದರು. ಮೂತ್ರ ತಡೆಯುವಾಗ ಬಿಗಿ ಹಿಡಿಯುವುದಿಲ್ಲವೇ, ಹಾಗೆ ಒಳಗೆಳೆದು ಹಿಡಿ, ಬಿಡು, ದಿನಾ ಮಾಡು, ಉಸಿರು ಮಾತ್ರ ಕಟ್ಟಬೇಡ. ನನ್ನ ಮೈಯೊಳಗೆ ಹಾಗೊಂದು ಇದೆ ಎಂದು ಯಾರೂ ಹೇಳಿರಲಿಲ್ಲ.

ಈಗ ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ಕಾದೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ.

"ಈ ಪ್ರಾಯದಗೆ ಮಾಡಿರೂ ಸಮ ಆತ್ತಾ ಅಮ್ಮ?" ಎಂದು ಕೇಳಿದರು.

"ನಿಮಗೂ ಇದೆಯಾ? ಯಾವಾಗಿಂದ?"

ಅತ್ತೆ ಕೂಸಿನ ತಲೆಯ ಹಿಂದೆ ಮುಖ ಮರೆ ಮಾಡಿಕೊಂಡರು.

"ಇವ್ಳ್ ಗಂಡ ಹುಟ್ಟಿದ್ ಲಾಗಾಯ್ತ್."