ಬ್ಯಾಂಡ್ ಮೇಷ್ಟ್ರ ಗಂಟಲು

ಶಾಲೆಯ ಬ್ಯಾಂಡ್ ಮೇಷ್ಟ್ರು ಕೆಮ್ಮದೆ ಯಾವ ಕೆಲಸವನ್ನೂ ಶುರು ಮಾಡಿದವರಲ್ಲ. ಬೆಳಿಗ್ಗೆ ಪೇಪರ್ ಬಿಚ್ಚುವ ಮೊದಲು ಒಂದು ಸಲ, ಬಚ್ಚಲಮನೆಯ ಬಾಗಿಲು ತಟ್ಟುವ ಮೊದಲು ಒಂದು ಸಲ, ಅಂಗಡಿಯವನ ಹತ್ತಿರ ನಿನ್ನೆಯ ಬ್ರೆಡ್ಡಿನ ಬಗ್ಗೆ ಜಗಳ ತೆಗೆಯುವ ಮೊದಲು ಎರಡು ಸಲ. ಆ ಸದ್ದೂ ಸಾಮಾನ್ಯದ್ದಲ್ಲ. ಮೊದಲು ಮೋಟಾಗಿ ಒಂದು ‘ಖ್ಖು’, ಆಮೇಲೆ ಉದ್ದಕ್ಕೆ ಒಂದು ‘ಖ್ಖುಹ್ಹೂಂ’. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಹೆಂಡತಿಗೆ ಇದರ ಒಳಹೊರಗೆಲ್ಲ ಬಾಯಿಪಾಠವಾಗಿತ್ತು. ಎರಡೂ ಒತ್ತೊತ್ತಾಗಿ ಬಂದರೆ ಯಜಮಾನರಿಗೆ ಹಸಿವು. ನಡುವೆ ಬಿಡುವು ಕೊಟ್ಟು ಎಳೆದುಕೊಂಡು ಬಂದರೆ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೆ, ಬಹುಶಃ ಮೂಗಿನ ಮೇಲೇ ಇರುವ ಕನ್ನಡಕವನ್ನು.

“ರೀ, ಒಂದು ದಿನವಾದ್ರೂ ಈ ಕೆಮ್ಮಿಗೆ ರಜೆ ಕೊಡ್ತೀರಾ?” ಎಂದು ಆಕೆ ಕೇಳುವುದುಂಟು.

“ಇದು ಕೆಮ್ಮಲ್ಲ ಕಣೇ, ಗಂಟಲು ಸರಿ ಮಾಡ್ಕೊಳ್ಳೋದು,” ಎಂದು ಮೇಷ್ಟ್ರು ಹೇಳುವುದುಂಟು. ಹಾಗೆ ಹೇಳುವ ಮೊದಲು ಕೆಮ್ಮುವುದೂ ಉಂಟು.

ಅವರ ಸಾಮ್ರಾಜ್ಯವೆಂದರೆ ಶಾಲೆಯ ನೆಲಮಾಳಿಗೆಯ ಮೂಲೆಯ ಕೋಣೆ. ಹದಿನೆಂಟು ಮಕ್ಕಳಿಗೆ ಸಾಲುವ ಆ ಕೋಣೆಯಲ್ಲಿ ಇಪ್ಪತ್ತೆಂಟು ಮಕ್ಕಳು, ಜೊತೆಗೆ ಅವರವರ ವಾದ್ಯಗಳು. ಟ್ರಂಬೋನಿನ ಕೊಳವೆಯನ್ನು ಪೂರ್ತಿ ಮುಂದಕ್ಕೆ ಚಾಚಿದರೆ ಅದು ಮುಂದೆ ಕೂತ ಕ್ಲಾರಿನೆಟ್ ಹುಡುಗನ ತಲೆಗೆ ಬಡಿಯುತ್ತಿತ್ತು. ಹಾಗಾಗಿ ಆ ಹುಡುಗ ಬೇಸಗೆಯಲ್ಲೂ ಉಣ್ಣೆಯ ಟೋಪಿ ಹಾಕಿಕೊಂಡೇ ಅಭ್ಯಾಸಕ್ಕೆ ಬರುತ್ತಿದ್ದ. ಸ್ವರಗಳ ಹಾಳೆ ಇಟ್ಟಿದ್ದ ಕಬ್ಬಿಣದ ಬೀರುವಿನ ಬೀಗ ಕೆಟ್ಟು ಎಷ್ಟೋ ಕಾಲವಾಗಿತ್ತು. ದೊಡ್ಡ ಡ್ರಮ್ಮನ್ನು ಅದರ ಪಕ್ಕ ನಿಲ್ಲಿಸಿ ಜೋರಾಗಿ ಒಂದು ಬಾರಿಸಿದರೆ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಬಾರಿಸುವ ಕೆಲಸ ಎಂಟನೇ ಕ್ಲಾಸಿನ ಒಬ್ಬ ಹುಡುಗಿಯದು. ನೋಡಲು ಕಡ್ಡಿಯಂತಿದ್ದ ಅವಳನ್ನು ಎಲ್ಲರೂ ಗುಡುಗಮ್ಮ ಎಂದು ಕರೆಯುತ್ತಿದ್ದರು.

ಗೋಡೆಯ ಆಚೆ ಗಣಿತದ ಮೇಷ್ಟ್ರ ತರಗತಿ. ಬೀರು ತೆರೆದಾಗಲೆಲ್ಲ ಅವರ ಕೈಯ ಸೀಮೆಸುಣ್ಣ ಮುರಿಯುತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ಅವರು ಒಂದೇ ಒಂದು ಉದ್ದದ ಗೆರೆಯನ್ನು ನೆಟ್ಟಗೆ ಎಳೆದಿಲ್ಲವೆಂದು ಅವರ ದೂರು.

ಬ್ಯಾಂಡ್ ಮೇಷ್ಟ್ರ ಹೆಮ್ಮೆಯೆಲ್ಲ ಅವರ ಕೋಲಿನಲ್ಲಿತ್ತು. ಕರಿಯ ಬಣ್ಣದ ತೆಳ್ಳನೆಯ ಕೋಲು, ಹಿಡಿಗೆ ಬಿರಡೆಯ ತುಂಡು. “ಕಣ್ಣು ಕೋಲಿನ ಮೇಲೆ! ಎಲ್ಲಾ ಕೋಲಲ್ಲಿದೆ!” ಎಂದು ದಿನಕ್ಕೆ ಇಪ್ಪತ್ತು ಸಲ ಕೂಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ಕೋಲಿನಲ್ಲಿ ಏನೂ ಇರಲಿಲ್ಲ. ಮೇಷ್ಟ್ರು ಅದನ್ನು ನೊಣ ಓಡಿಸುವವರಂತೆ ಬೀಸುತ್ತಿದ್ದರು. ತಾಳ ಎಲ್ಲಿ ಬಿತ್ತು, ಎಲ್ಲಿ ಎದ್ದಿತು ಎಂದು ಹೇಳಲು ಯಾರಪ್ಪನ ಕೈಲೂ ಆಗುತ್ತಿರಲಿಲ್ಲ. ಆದರೆ ಕೋಲು ಎತ್ತುವ ಮುಂಚೆ ಅವರು ಕೆಮ್ಮುತ್ತಿದ್ದರಲ್ಲ, ಅದರಲ್ಲಿ ಎಲ್ಲವೂ ಇತ್ತು. ಮೋಟು ಕೆಮ್ಮು ಬಂದರೆ ವಾದ್ಯ ಬಾಯಿಗೆ. ಎರಡು ಕೆಮ್ಮುಗಳ ನಡುವಿನ ಬಿಡುವು ಎಷ್ಟೋ, ಹಾಡಿನ ವೇಗ ಅಷ್ಟು. ಉದ್ದನೆಯ ಕೆಮ್ಮು ಮುಗಿದ ಕ್ಷಣ ಶುರು. ಹೊಸದಾಗಿ ಸೇರಿದ ಮಕ್ಕಳನ್ನು ದೊಡ್ಡವರು ಮೊದಲ ದಿನವೇ ಬೀರುವಿನ ಹಿಂದಕ್ಕೆ ಕರೆದುಕೊಂಡು ಹೋಗಿ, “ಕೋಲು ನೋಡ್ಬೇಡ, ಕೆಮ್ಮು ಕೇಳು,” ಎಂದು ಕಿವಿಯಲ್ಲಿ ಊದುತ್ತಿದ್ದರು. ಇಡೀ ಬ್ಯಾಂಡಿಗೆ ಗೊತ್ತಿದ್ದ ಈ ಗುಟ್ಟು ಗೊತ್ತಿಲ್ಲದಿದ್ದದ್ದು ಮೇಷ್ಟ್ರಿಗೊಬ್ಬರಿಗೇ.

ಹೀಗಿರುವಾಗ ಒಂದು ಸೋಮವಾರ ಹೆಡ್ ಮೇಡಂ ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆಸಿದರು.

“ಮೂರು ವಾರ, ಮೂರು ಕಾರ್ಯಕ್ರಮ,” ಎಂದರು ಮೇಡಂ. “ಈ ಶನಿವಾರ ಆಟೋಟ. ಮುಂದಿನ ವಾರ ಹೊಸ ಲೈಬ್ರರಿ ಉದ್ಘಾಟನೆ. ಅದರ ಮುಂದಿನ ವಾರ ಸಭಾಂಗಣದಲ್ಲಿ ವಾರ್ಷಿಕ ಸಂಗೀತ ಕಛೇರಿ. ಅವತ್ತು ಕಮಿಟಿ ಅಧ್ಯಕ್ಷರು ಮುಂದಿನ ಸಾಲಲ್ಲಿ ಕೂತ್ಕೋತಾರೆ. ನಿಮ್ಮ ರೂಮು ಗಣಿತಕ್ಕೆ ಬೇಕು ಅಂತ ಅರ್ಜಿ ಬಂದಿದೆ, ಯಾರದು ಅಂತ ನಾನು ಹೇಳಲ್ಲ. ಅಧ್ಯಕ್ಷರಿಗೆ ಹಿಡಿಸಿದ್ರೆ ಬ್ಯಾಂಡ್ ಇರುತ್ತೆ. ಹಿಡಿಸಲಿಲ್ಲ ಅಂದ್ರೆ ಈ ವರ್ಷಕ್ಕೇ ಕೊನೆ.”

ಮೇಷ್ಟ್ರು ಏನೋ ಹೇಳಬೇಕೆಂದು ಕೆಮ್ಮಿದರು.

“ಅದೇ,” ಎಂದರು ಮೇಡಂ. “ಅವತ್ತು ಸ್ವಾಗತ ಭಾಷಣ ನಿಮ್ದೇ. ದಯವಿಟ್ಟು ಅಷ್ಟರೊಳಗೆ ಆ ಗಂಟಲಿಗೊಂದು ಗತಿ ಕಾಣಿಸಿ.”

ಅಂದಿನಿಂದ ಮೇಷ್ಟ್ರಿಗೆ ಊಟ ನಿದ್ದೆ ಎರಡೂ ಅಷ್ಟಕ್ಕಷ್ಟೆ. ಶಾಲೆಗೆ ಮುಂಚೆ ಒಂದು ಅಭ್ಯಾಸ, ಮಧ್ಯಾಹ್ನ ಊಟದ ಗಂಟೆಯಲ್ಲಿ ಒಂದು, ಶಾಲೆ ಬಿಟ್ಟ ಮೇಲೆ ಮತ್ತೊಂದು. ತುತ್ತೂರಿಯವರ ತುಟಿಗಳು ಊದಿಕೊಂಡವು. ಕೊಳಲಿನ ಹುಡುಗಿಯರು ಕನಸಿನಲ್ಲೂ ಬೆರಳಾಡಿಸುತ್ತಾರೆಂದು ಅವರ ಅಮ್ಮಂದಿರು ಚೀಟಿ ಬರೆದು ಕಳಿಸಿದರು. ಮೇಷ್ಟ್ರು ಆ ಚೀಟಿಗಳನ್ನು ಪ್ರಶಸ್ತಿಪತ್ರದಂತೆ ಗೋಡೆಗೆ ಅಂಟಿಸಿದರು. ಅವರಿಗೆ ಆ ಇಪ್ಪತ್ತೆಂಟು ಮಕ್ಕಳೆಂದರೆ ಪ್ರಾಣ. ಬೇರೆ ಕೆಲಸ ಸಿಗದೇ ಹೋದೀತು ಎಂಬ ಚಿಂತೆಗಿಂತ, ಮುಂದಿನ ವರ್ಷ ಆ ಕೋಣೆಯಲ್ಲಿ ಯಾರೂ ಉಣ್ಣೆಯ ಟೋಪಿ ಹಾಕಿಕೊಂಡು ಕೂತಿರುವುದಿಲ್ಲವಲ್ಲ ಎನ್ನುವುದೇ ಅವರನ್ನು ತಿನ್ನುತ್ತಿತ್ತು.

ಆಟೋಟದ ದಿನ ಮೈದಾನದ ತುಂಬ ಧೂಳು. ಮೇಷ್ಟ್ರು ಬೇಡವೆಂದರೂ ಕೆಮ್ಮು ಬರುತ್ತಿತ್ತು, ಕೆಮ್ಮು ಬಂದಾಗಲೆಲ್ಲ ಬ್ಯಾಂಡ್ ಬಾರಿಸುತ್ತಿತ್ತು. ಓಟದಲ್ಲಿ ಮೂರನೆಯವನಾಗಿ ಬಂದ ಹುಡುಗನನ್ನು ನಾಲ್ಕು ಸಲ ವಾದ್ಯಘೋಷದೊಂದಿಗೆ ವೇದಿಕೆಗೆ ಹತ್ತಿಸಿದ್ದಾಯಿತು. ಅವನು ನಾಲ್ಕು ಸಲವೂ ಕೈ ಬೀಸಿದ. ಮೊದಲನೆಯವನು ಮುಖ ಊದಿಸಿಕೊಂಡು ಮನೆಗೆ ಹೋದ.

“ಏನು ಅವಸರ ನಿಮಗೆ? ನಾನು ಕೋಲೇ ಎತ್ತಿರ್ಲಿಲ್ಲ!” ಎಂದು ಮೇಷ್ಟ್ರು ಆಮೇಲೆ ಹರಿಹಾಯ್ದರು.

“ಸರ್, ಅದು ಕೋಲಲ್ಲ, ನಿಮ್ಮ...” ಎಂದು ಗುಡುಗಮ್ಮ ಬಾಯಿ ತೆರೆದಳು.

“ಕೋಲು ನೋಡು ಅಂದ್ರೆ ಕೋಲು ನೋಡು!”

ಗುಡುಗಮ್ಮ ಬಾಯಿ ಮುಚ್ಚಿದಳು.

ಲೈಬ್ರರಿಯಲ್ಲಿ ಮಾತ್ರ ಎಲ್ಲ ಸುಸೂತ್ರ. ಒಳಗೆ ಧೂಳಿಲ್ಲ, ಪುಸ್ತಕಗಳೆಲ್ಲ ಹೊಸವು. ಮೇಷ್ಟ್ರು ಬೇಕಾದಾಗ ಕೆಮ್ಮಿದರು, ಮಕ್ಕಳು ಬೇಕಾದಾಗ ನುಡಿಸಿದರು, ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಇದೆಲ್ಲ ಕೋಲಿನ ಮಹಿಮೆಯೆಂದು ಮನೆಯಲ್ಲಿ ಹೆಂಡತಿಗೆ ಬೀಸಿ ತೋರಿಸಲು ಹೋಗಿ ಮೇಷ್ಟ್ರು ಕಪಾಟಿನ ಮೇಲಿದ್ದ ಗಾಜಿನ ಹೂದಾನಿಯನ್ನು ಒಡೆದರು.

ಹೆಂಡತಿ ಚೂರುಗಳನ್ನು ಗುಡಿಸುತ್ತ, “ಕೋಲು ಹಾಗಿರ್ಲಿ, ಗಂಟಲಿನ ವಿಷ್ಯ ಏನಾಯ್ತು? ಭಾಷಣಕ್ಕೆ ಇನ್ನು ಏಳೇ ದಿನ,” ಎಂದಳು.

ಆಕೆ ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಬೆಳಿಗ್ಗೆ ಉಪ್ಪುನೀರು ಮುಕ್ಕಳಿಸುವುದು, ಸಂಜೆ ತಲೆಗೆ ಟವೆಲ್ ಮುಚ್ಚಿ ಹಬೆ ತೆಗೆದುಕೊಳ್ಳುವುದು, ನಡುವೆ ಶುಂಠಿ ಕುದಿಸಿದ ನೀರು. ಮೇಷ್ಟ್ರು ಟವೆಲಿನೊಳಗಿಂದಲೇ ಕೆಮ್ಮಿದರು. ಆರು ದಿನ ಕಳೆದರೂ ಗಂಟಲು ಜಗ್ಗಲಿಲ್ಲ. ಕಛೇರಿಯ ದಿನ ಬೆಳಿಗ್ಗೆ ಕೊನೆಯ ಅಭ್ಯಾಸದಲ್ಲಂತೂ ಎಂದಿಗಿಂತ ಗಟ್ಟಿಯಾಗಿ ಕೆಮ್ಮಿದರು, ಮಕ್ಕಳು ಎಂದಿಗಿಂತ ಚೆನ್ನಾಗಿ ನುಡಿಸಿದರು.

ಮಧ್ಯಾಹ್ನ ಹೆಂಡತಿ ಬೇರೆ ದಾರಿ ಕಾಣದೆ ತವರಿಗೆ ಫೋನ್ ಮಾಡಿದಳು. ಅತ್ತೆಯವರು ಅಳಿಯನ ಕೆಮ್ಮನ್ನು ಫೋನಿನಲ್ಲೇ ಎರಡು ಸಲ ಕೇಳಿಸಿಕೊಂಡರು. “ಹೋದ ಸಲ ಬಂದಾಗ ಕಪ್ಪು ಶೀಶೆ ಕೊಟ್ಟಿದ್ದೆನಲ್ಲ, ಅದರಲ್ಲಿ ಒಂದು ಚಮಚ ಕೊಡು,” ಎಂದರು. “ಎರಡು ಕೊಡ್ಬೇಡ ಮತ್ತೆ, ಒಂದು ವಾರ ಮಾತೇ ನಿಂತು ಹೋಗುತ್ತೆ.”

ಹೆಂಡತಿ ಚಮಚ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಒಂದೇ ಕೊಟ್ಟಳು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಕಮಿಟಿ ಅಧ್ಯಕ್ಷರು, ಅವರ ಪಕ್ಕದಲ್ಲಿ ಹೆಡ್ ಮೇಡಂ, ಅವರ ಪಕ್ಕದಲ್ಲಿ ಗಣಿತದ ಮೇಷ್ಟ್ರು. ಗಣಿತದ ಮೇಷ್ಟ್ರು ಕೋಣೆಯ ಅಳತೆ ತೆಗೆಯುವ ಟೇಪನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ಮೂರನೆಯ ಸಾಲಿನಲ್ಲಿ ಹೆಂಡತಿ. ಬ್ಯಾಂಡ್ ಮೇಷ್ಟ್ರು ಮೈಕಿನ ಮುಂದೆ ನಿಂತು ಬಾಯಿ ತೆರೆದರೆ ಅವರಿಗೇ ಆಶ್ಚರ್ಯ. ಗಂಟಲು ತೊಳೆದಿಟ್ಟ ಗಾಜಿನಂತಿತ್ತು. ಒಂದು ಕೆರೆತವಿಲ್ಲ, ಒಂದು ಕೆಮ್ಮಿಲ್ಲ. ಭಾಷಣ ಮುಗಿದಾಗ ಅಧ್ಯಕ್ಷರು ತಲೆಯಾಡಿಸಿದರು. ಹೆಂಡತಿ ಹೆಮ್ಮೆಯಿಂದ ಪಕ್ಕದವರ ಕಡೆ ನೋಡಿದಳು.

ಮೇಷ್ಟ್ರು ಮಕ್ಕಳ ಕಡೆ ತಿರುಗಿ ಕೋಲು ಎತ್ತಿ ಇಳಿಸಿದರು.

ಏನೂ ಆಗಲಿಲ್ಲ.

ಇನ್ನೊಮ್ಮೆ ಎತ್ತಿ ಇಳಿಸಿದರು. ಇಪ್ಪತ್ತೆಂಟು ಮಕ್ಕಳು ಅವರನ್ನೇ ನೋಡುತ್ತ ಕಾಯುತ್ತಿದ್ದರು. ಮಕ್ಕಳು ಹೆದರಿಬಿಟ್ಟಿದ್ದಾರೆ ಎಂದುಕೊಂಡು ಮೇಷ್ಟ್ರು ಹಲ್ಲು ಕಿರಿದು ಧೈರ್ಯ ತುಂಬಿ, ಮೂರನೆಯ ಸಲ ಬೀಸಿದರು. ಎಲ್ಲೋ ಒಂದು ಕುರ್ಚಿ ಕಿರ್ರೆಂದಿತು, ಅಷ್ಟೆ. ಹಿಂದೆ ಗಣಿತದ ಮೇಷ್ಟ್ರು ಜೇಬಿನಲ್ಲಿ ಟೇಪನ್ನು ಎಳೆದು ಬಿಡುವ ಸದ್ದು ಕೇಳಿಸುತ್ತಿತ್ತು.

ದೊಡ್ಡ ಡ್ರಮ್ಮಿನ ಹಿಂದಿನಿಂದ ಗುಡುಗಮ್ಮ ತನ್ನ ಗಂಟಲನ್ನು ಮುಟ್ಟಿ ಮುಟ್ಟಿ ತೋರಿಸತೊಡಗಿದಳು. ಬಾಯಿ ಅಗಲಿಸಿದಳು, ಎದೆ ಗುದ್ದಿಕೊಂಡಳು. ಮಗುವಿಗೆ ಏನೋ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿದು ಮೇಷ್ಟ್ರು, ನೀರು ಕುಡಿ ಎಂದು ಕೈಸನ್ನೆ ಮಾಡಿದರು. ಅವಳು ತಲೆ ಚಚ್ಚಿಕೊಂಡಳು.

ಇದೆಲ್ಲ ಮೂರನೆಯ ಸಾಲಿನಿಂದ ಹೆಂಡತಿಗೆ ಕಾಣುತ್ತಿತ್ತು. ಗಂಟಲು, ಎದೆ, ಕಾಯುತ್ತಿರುವ ಮಕ್ಕಳು. ಅಯ್ಯೋ, ನಾನೇ ಕೈಯಾರೆ ಹಾಳು ಮಾಡಿದೆನಲ್ಲ ಎಂದು ಆಕೆಗೆ ಥಟ್ಟನೆ ಹೊಳೆಯಿತು. ಮೊದಲನೆಯ ಹಾಡು ನಿಧಾನದ್ದೆಂದು ಗೊತ್ತಿತ್ತು, ಮೂರು ವಾರದಿಂದ ಮನೆಯಲ್ಲಿ ಅದನ್ನೇ ಗುನುಗುತ್ತಿದ್ದರಲ್ಲ. ಆಕೆ ಕರ್ಚೀಫನ್ನು ಬಾಯಿಗೆ ಹಿಡಿದಳು. ಕನ್ನಡಕ ಹುಡುಕುವ ಕೆಮ್ಮನ್ನು ನೆನಪಿಸಿಕೊಂಡಳು.

“ಖ್ಖು... ಖ್ಖುಹ್ಹೂಂ!”

ಬ್ಯಾಂಡ್ ಒಂದೇ ಉಸಿರಿಗೆ ಶುರುವಾಯಿತು.

ಅಷ್ಟು ಒಟ್ಟಾಗಿ, ಅಷ್ಟು ಚೊಕ್ಕವಾಗಿ ಅವರು ಎಂದೂ ನುಡಿಸಿರಲಿಲ್ಲ. ಮೇಷ್ಟ್ರು ಹಿಗ್ಗಿನಿಂದ ಕೋಲು ಬೀಸಿದರು. ಎರಡನೆಯ ಹಾಡಿಗೆ ಕೋಲು ಎತ್ತಿದಾಗ ಮಾತ್ರ ಅವರಿಗೆ ಏನೋ ಅನುಮಾನ ಬಂತು. ಮಕ್ಕಳ್ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಿವಿಯೂ ಮೂರನೆಯ ಸಾಲಿನ ಕಡೆ ನೆಟ್ಟಿತ್ತು. ಹಿಂದಿನಿಂದ ಒತ್ತೊತ್ತಾಗಿ ಬಂತು, ಹಸಿವಿನ ಕೆಮ್ಮು. ಬ್ಯಾಂಡ್ ದಡದಡನೆ ಓಡಿತು. ಮೇಷ್ಟ್ರು ಕೋಲು ಬೀಸುತ್ತಲೇ ತಮ್ಮ ಬ್ಯಾಂಡಿನ ಹತ್ತೊಂಬತ್ತು ವರ್ಷಗಳನ್ನು ಒಂದೊಂದಾಗಿ ಹಿಂದಕ್ಕೆ ನೋಡಿಕೊಂಡರು. ಆಟೋಟ, ನಾಲ್ಕು ಸಲ ಕೈ ಬೀಸಿದ ಹುಡುಗ, ಗುಡುಗಮ್ಮನ ಅರ್ಧಕ್ಕೆ ನಿಂತ ಮಾತು, ಎಲ್ಲವೂ ಒಟ್ಟಿಗೆ ಅರ್ಥವಾಯಿತು.

ಮೂರನೆಯ ಹಾಡಿಗೆ ಅವರು ಸ್ವಂತ ಮರ್ಯಾದೆ ಉಳಿಸಿಕೊಳ್ಳಲು ತಾವೇ ಕೆಮ್ಮಿ ನೋಡಿದರು. ಅತ್ತೆಯ ಮದ್ದು ಬಿಡಲಿಲ್ಲ, ಮರಿಕೋಳಿ ಕೂಗಿದಂತೆ ಒಂದು ಮೆತ್ತನೆಯ ‘ಕೀ’ ಬಂತು. ಕೊಳಲಿನ ಹುಡುಗಿಯರು ಕಿಸಕ್ಕೆಂದರು. ಮೇಷ್ಟ್ರು ಸೋತು, ತಿರುಗಿ ಮೂರನೆಯ ಸಾಲಿನ ಕಡೆ ನೋಡಿದರು. ಹೆಂಡತಿ ಕರ್ಚೀಫಿನ ಮೇಲಿಂದ ಅವರನ್ನೇ ನೋಡುತ್ತಿದ್ದಳು. ಅವರು ಕಣ್ಣಿನಲ್ಲೇ ‘ನೀನೇ ಕೆಮ್ಮು’ ಎಂದರು. ಆಕೆ ಕೆಮ್ಮಿದಳು. ಒಟ್ಟು ಏಳು ಹಾಡು, ಏಳು ಕೆಮ್ಮು, ಒಂದೂ ತಪ್ಪಲಿಲ್ಲ. ಪಕ್ಕದಲ್ಲಿದ್ದವರು ಎರಡು ಕುರ್ಚಿ ದೂರ ಸರಿದು ಕೂತರು.

ಕೊನೆಗೆ ಅಧ್ಯಕ್ಷರು ವೇದಿಕೆ ಹತ್ತಿದರು.

“ನನಗೆ ಸಂಗೀತದ ಗಂಧಗಾಳಿ ಇಲ್ಲ,” ಎಂದರು. “ಆದ್ರೆ ನನ್ನ ಹಿಂದೆ ಒಬ್ಬ ತಾಯಿ ಕೂತಿದ್ರು. ಪಾಪ, ಶುರುವಿನಿಂದ ಕೊನೇವರೆಗೂ ಕೆಮ್ಮು. ಬೇರೆಯವರಾಗಿದ್ರೆ ಎದ್ದು ಮನೆಗೆ ಹೋಗ್ತಿದ್ರು. ಆಯಮ್ಮ ಕದಲಲಿಲ್ಲ. ಹಾಡು ನಡೀತಿರೋವಾಗ ಒಂದು ಸಲವೂ ಕೆಮ್ಮಲಿಲ್ಲ, ತಡ್ಕೊಂಡು ತಡ್ಕೊಂಡು ಹಾಡಿನ ನಡುವೆ ಕೆಮ್ಮಿದ್ರು. ಅಷ್ಟು ಕಷ್ಟದಲ್ಲೂ ಒಬ್ಬರನ್ನ ಕೂರಿಸೋ ಬ್ಯಾಂಡನ್ನ ನಿಲ್ಲಿಸೋಕೆ ನನಗೆ ಮನಸ್ಸಿಲ್ಲ. ಬ್ಯಾಂಡ್ ಇರುತ್ತೆ.”

ಮಕ್ಕಳು ಕೂಗಿದ ಕೂಗಿಗೆ ನೆಲಮಾಳಿಗೆಯ ಬೀರು ತಾನಾಗಿ ತೆರೆದುಕೊಂಡಿತೆಂದು ಕಾವಲಿನವನು ಆಮೇಲೆ ಹೇಳಿದ. ಗಣಿತದ ಮೇಷ್ಟ್ರು ಟೇಪನ್ನು ಜೇಬಿನಲ್ಲಿ ಇನ್ನೂ ಒಳಕ್ಕೆ ತಳ್ಳಿದರು.

ಮನೆಗೆ ನಡೆದು ಹೋಗುವಾಗ ಮೇಷ್ಟ್ರು ತಿರುವಿನ ಔಷಧಿ ಅಂಗಡಿ ದಾಟಿದ ಮೇಲೆ, “ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ನನ್ನ ಕೋಲು ನೋಡಿಲ್ಲ ಕಣೇ,” ಎಂದರು. ದನಿ ಸಣ್ಣದಾಗಿತ್ತು.

“ನೋಡದೆ ಇದ್ರೇನಂತೆ, ಅಷ್ಟೂ ವರ್ಷ ನಿಮ್ಮ ದನೀನ ಕಿವಿಗೊಟ್ಟು ಕೇಳಿದಾರಲ್ಲ,” ಎಂದಳು ಹೆಂಡತಿ. “ನಮ್ಮ ಮನೇಲಿ ನಾನೂ ಅಷ್ಟು ಕೇಳಿಲ್ಲ.”

ಮೇಷ್ಟ್ರಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಏನಾದರೂ ಹೇಳೋಣವೆಂದು ಕೆಮ್ಮಲು ಹೋದರು. ಆಗಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಉಪ್ಪುನೀರಿರಲಿಲ್ಲ, ಶುಂಠಿಯಿರಲಿಲ್ಲ. ಕಪ್ಪು ಶೀಶೆ ಕಸದ ಬುಟ್ಟಿಯಲ್ಲಿತ್ತು. ಮೇಜಿನ ಮೇಲೆ ಐಸ್ ತುಂಬಿದ ನೀರಿನ ದೊಡ್ಡ ಲೋಟ, ಅದರ ಪಕ್ಕದಲ್ಲಿ ಹೆಂಡತಿ, ಸೊಂಟದ ಮೇಲೆ ಕೈಯಿಟ್ಟುಕೊಂಡು.

“ಗಟಗಟ ಕುಡೀರಿ,” ಎಂದಳು. “ಸೋಮವಾರ ಅಭ್ಯಾಸ ಇದೆ, ಮಕ್ಕಳು ಕಾಯ್ತಿರ್ತಾರೆ.”