ಹನ್ನೊಂದು ಲೇಖನಗಳ ಔಷಧಿ

ಸ್ವಲ್ಪ ತಾಳಿ, ಪುಟ ತಿರುಗಿಸಬೇಡಿ. ಸಂಶೋಧನೆ ಎಂಬ ಪದ ಕಿವಿಗೆ ಬಿದ್ದರೆ ಕೈಮುಗಿಯುವವರ ಗುಂಪಿಗೆ ನೀವೂ ಸೇರಿದ್ದರೆ ಇದನ್ನು ಓದಲೇಬೇಕು. ನಾನು ಆ ಗುಂಪಿನ ಅರ್ಚಕನಾಗಿದ್ದವನು. ನಿನ್ನೆ ಬಾಗಲೂರಿನ ಬಸ್ಸಿನಲ್ಲಿ ಯಾರದೋ ಚೀಲದಿಂದ ಗಂಧಕದ ವಾಸನೆ ಬಂತು. ಉಳಿದವರು ಮೂಗು ಮುಚ್ಚಿಕೊಂಡರು. ನಾನು ಮುಖ ಮುಚ್ಚಿಕೊಂಡೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಗದಗಿನ ಕಡೆಯಿಂದ ಬಂದು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ವಾಸ ಅಮೃತಹಳ್ಳಿಯಲ್ಲಿ, ಮುನಿಯಪ್ಪನವರ ಹಿತ್ತಲ ಕೋಣೆಯಲ್ಲಿ. ನನ್ನ ಓದು ಪಿಯುಸಿಗೆ ನಿಂತಿತ್ತು, ಜ್ಞಾನ ನಿಂತಿರಲಿಲ್ಲ. ಶನಿವಾರ ಮಧ್ಯಾಹ್ನ ಸೈಕಲ್ ತುಳಿದು ಹೆಬ್ಬಾಳದ ಹತ್ತಿರದ ಒಂದು ಕೃಷಿ ಗ್ರಂಥಾಲಯಕ್ಕೆ ಹೋಗಿ, ಅರ್ಥವಾಗದ ಇಂಗ್ಲಿಷ್ ಸಂಶೋಧನಾ ಪತ್ರಿಕೆಗಳನ್ನು ಅರ್ಥವಾದವನಂತೆ ತಲೆಯಾಡಿಸುತ್ತ ಓದುತ್ತಿದ್ದೆ. ವಿದ್ವತ್ತಿನ ಮುಕ್ಕಾಲು ಭಾಗ ಕುತ್ತಿಗೆಯಲ್ಲಿದೆ ಎಂಬುದು ನನ್ನ ಅನುಭವ.

ಮುನಿಯಪ್ಪನವರಿಗೆ ಹನ್ನೆರಡು ಸಾಲು ದ್ರಾಕ್ಷಿ ಚಪ್ಪರವಿತ್ತು. ಎಲೆಗೆ ಬೂದಿ ರೋಗ ಬಂದರೆ ಗಂಧಕದ ಪುಡಿ ಎರಚುವುದು ಅವರ ಅಪ್ಪನ ಕಾಲದ ಕ್ರಮ. ಆ ವರ್ಷ ಗೊಂಚಲು ಕಟ್ಟುವ ಹೊತ್ತಿಗೆ ಬೂದಿ ಕಾಣಿಸಿತು. ಹಿಂದೆಯೇ ಗೊಬ್ಬರದ ಅಂಗಡಿಯವನು ಹೊಸ ಔಷಧಿಯೊಂದರ ಡಬ್ಬಿ ಕೊಟ್ಟು ಹೋದ.

"ಏನಪ್ಪ ಇಂಗ್ಲೀಸು," ಎಂದರು ಮುನಿಯಪ್ಪ. ನನಗೆ ಅವರಿಟ್ಟ ಹೆಸರು ಅದು. "ಇದ್ನ ಒಡೀಬೋದಾ ಏಳು. ಗೊಂಚ್ಲು ಕೆಟ್ರೆ ಒಂದ್ ವರ್ಸನೇ ಓಯ್ತು."

ನಾನು ಬದುಕಿದ್ದೇ ಇಂಥ ಪ್ರಶ್ನೆಗಾಗಿ. ಆ ಶನಿವಾರವೇ ಹೋಗಿ ಔಷಧಿಯ ಬಗ್ಗೆ ಹನ್ನೊಂದು ಲೇಖನ ಹುಡುಕಿದೆ. ಹನ್ನೊಂದೂ ಹೊಗಳಿದ್ದವು. ಇಷ್ಟು ಒಮ್ಮತವನ್ನು ನಮ್ಮ ಕಾರ್ಖಾನೆಯ ಯೂನಿಯನ್ ಸಭೆಯಲ್ಲಿ, ಟೀ ಬೇಕೇ ಎಂದು ಕೇಳಿದಾಗಲೂ ಕಂಡಿರಲಿಲ್ಲ. ಪಟ್ಟಿ ಟೈಪ್ ಮಾಡಿ ತಂದು ಚಪ್ಪರದ ಕೆಳಗೆ ನಿಂತು ಓದಿದೆ.

"ಅನ್ನೊಂದು ಜನ ಏಳವ್ರೆ ಅಂದ್ಮೇಲೆ ಸುಳ್ಳಾಯ್ತದಾ," ಎಂದು ಮುನಿಯಪ್ಪ ಭಾನುವಾರ ಔಷಧಿ ಹೊಡೆದರು. ಡಬ್ಬಿ ಆರು ಸಾಲಿಗೆ ಮುಗಿಯಿತು. ಉಳಿದ ಆರಕ್ಕೆ ಇನ್ನೊಂದು ಡಬ್ಬಿ ಮುಂದಿನ ಶನಿವಾರ ಬರುವುದಿತ್ತು.

ಬುಧವಾರಕ್ಕೆಲ್ಲ ಹೊಡೆದ ಸಾಲುಗಳ ಎಲೆಯಂಚು ಸುಟ್ಟು ಸುರುಟಿಕೊಂಡಿತು, ಕಾಯಿಯ ಮೇಲೆ ಕಂದು ಚುಕ್ಕೆ. ಅಂಗಡಿಯವನು ಬಂದು ನೋಡಿ, ಬಳ್ಳಿಯ ಬುಡಕ್ಕೆ ನೀರು ಹೆಚ್ಚಾಗಿದೆ, ಔಷಧಿಯದೇನೂ ತಪ್ಪಿಲ್ಲ ಎಂದ. ಸಾಕ್ಷಿಗೆ ನನ್ನದೇ ಪಟ್ಟಿ ತೋರಿಸಿದ.

ಮುನಿಯಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಉಳಿದಿರಾ ಆರು ಸಾಲು ನಿನ್ ಮಾತ್ನ್ ಮ್ಯಾಲೆ ನಿಂತೈತೆ. ಒಡಿಯಾದಾ, ಬ್ಯಾಡ್ವಾ? ಸರ್ಯಾಗ್ ನೋಡ್ಕೊಂಡ್ ಬಂದು ಏಳು," ಎಂದರಷ್ಟೆ.

ಮರುದಿನ ರಜೆ ಹಾಕಿ ಗ್ರಂಥಪಾಲಕಿ ಶಾರದಮ್ಮನವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಎಷ್ಟು ಓದಿದ್ರಿ?"

"ಹನ್ನೊಂದು, ಮೇಡಂ."

"ಎಣಿಸಿದ್ರಿ ಅನ್ನಿ. ಈಗ ಬಾಲದಿಂದ ಓದಿ."

ಬಾಲದಲ್ಲಿ, ಸಣ್ಣ ಅಕ್ಷರದಲ್ಲಿ, ಕೃತಜ್ಞತೆಗಳಿದ್ದವು. ಹನ್ನೊಂದರಲ್ಲಿ ಒಂಬತ್ತು ಲೇಖನಗಳು ಆ ಔಷಧಿ ತಯಾರಿಸುವ ಕಂಪನಿಗೇ ವಂದನೆ ಸಲ್ಲಿಸಿದ್ದವು. ಉಳಿದೆರಡು ಆ ಒಂಬತ್ತನ್ನು ನಂಬಿ ಬರೆದವು. ಪ್ರಯೋಗ ನಡೆದದ್ದು ಒಂದೇ ತೋಟದಲ್ಲಿ, ಅದೂ ಯಾವುದೋ ತಂಪು ದೇಶದ ತೋಟ. ಒಂಬತ್ತಕ್ಕೂ ಲೇಖಕರು ಮೂವರೇ. ಫೋಟೋಕ್ಕೆ ಜಾಗ ಬದಲಾಯಿಸಿ ನಿಂತವರ ಹಾಗೆ ಹೆಸರುಗಳು ಮಾತ್ರ ಹಿಂದೆ ಮುಂದೆ.

"ಇದು ಕೆಲಸ ಮಾಡ್ಲಿಲ್ಲ ಅಂತ ಯಾರೂ ಬರ್ದೇ ಇಲ್ವಾ, ಮೇಡಂ?"

"ಬರೀತಾರೆ ಕಣ್ರೀ. ಅಚ್ಚು ಹಾಕೋರು ಯಾರು? ಆಗ್ಲಿಲ್ಲ ಅನ್ನೋದೂ ಒಂದು ಸುದ್ದೀನಾ ಅಂತ ವಾಪಸ್ ಕಳಿಸ್ತಾರೆ. ಬನ್ನಿ ಇಲ್ಲಿ."

ಮೂಲೆಯ ಕಬ್ಬಿಣದ ಬೀರು ತೆರೆದರು. ಒಳಗೆ ಅಚ್ಚಾಗದ ವರದಿಗಳು, ದಾರ ಕಟ್ಟಿದ ಹಾಳೆಗಳು. ಎಷ್ಟೋ ಕನ್ನಡದಲ್ಲೇ ಇದ್ದವು. ಮೂರು ವರ್ಷದಿಂದ ಆ ಬೀರುವಿಗೆ ಒರಗಿ ನಿಂತು ಇಂಗ್ಲಿಷ್ ಓದಿದ್ದೆ. ಕನ್ನಡದಲ್ಲಿ ಬರೆದದ್ದು ವಿಜ್ಞಾನವಾದೀತು ಎಂಬ ಅನುಮಾನವೂ ನನಗೆ ಬಂದಿರಲಿಲ್ಲ. ಕೋಲಾರದ ಕಡೆಯವರೊಬ್ಬರು ಎರಡೇ ಪುಟ ಬರೆದಿದ್ದರು: ಬಿಸಿಲೇರಿದ ದಿನಗಳಲ್ಲಿ ಈ ಔಷಧಿ ಎಲೆ ಸುಡುತ್ತದೆ, ನಮ್ಮ ತಳಿಗೆ ಬೇಡ. ಅಂಥವೇ ಇನ್ನೆರಡು ಸಿಕ್ಕವು, ಬೇರೆ ಊರಿನವು, ಬೇರೆ ಕೈಯವು. ಪಾಪ, ಮೂವರಿಗೂ ಯಾವ ಕಂಪನಿಯೂ ಒಂದು ಲೋಟ ಕಾಫಿ ಕೊಡಿಸಿದಂತಿರಲಿಲ್ಲ.

ಸೈಕಲ್ ಇಳಿಯುವ ಮುಂಚೆಯೇ, "ಹೊಡೀಬೇಡಿ ಯಜಮಾನ್ರೇ," ಎಂದೆ.

"ಈಗೆಷ್ಟ್ ಜನ ಏಳವ್ರೆ?"

"ಮೂರು."

"ಅನ್ನೊಂದ್ಕಿಂತ ಮೂರು ಯಂಗಪ್ಪ ಜಾಸ್ತಿ?"

ತೋಟ, ಕಂಪನಿ, ಬಾಲ, ಬೀರು ಎಲ್ಲ ವಿವರಿಸಿದೆ. ಅವರು ಬೀಡಿ ಹಚ್ಚಿ, "ಅಂಗಾರೆ ಒಬ್ನೇ ಅನ್ನೊಂದ್ ಸಲ ಕೂಗವ್ನೆ ಅನ್ನು," ಎಂದರು. ನನ್ನ ಅರ್ಧ ಗಂಟೆಯ ಉಪನ್ಯಾಸ ಅಲ್ಲಿಗೆ ಮುಗಿಯಿತು.

ಎರಡನೆಯ ಡಬ್ಬಿ ವಾಪಸ್ ಹೋಯಿತು. ಗಂಧಕ ಎರಚಿದ ಆರು ಸಾಲು ಉಳಿದವು. ಇನ್ನಾರು ಸಾಲಿನ ಗೊಂಚಲು ಗುಂಡಿಗೆ ಹೋಯಿತು. ಬುಟ್ಟಿ ಹೊತ್ತವನು ನಾನು. ಹನ್ನೊಂದು ಲೇಖನಗಳ ತೂಕ ಎಷ್ಟೆಂದು ಹೆಗಲಿಗೆ ಅಂದು ತಿಳಿಯಿತು.

"ಇದ್ನೂ ಬರಿ. ನನ್ನೆಸ್ರೂ ಆಕು," ಎಂದರು ಮುನಿಯಪ್ಪ. ಬರೆದೆ, ಇಂಗ್ಲಿಷಿನಲ್ಲೇ; ಚಟ ಬಿಡಬೇಕಲ್ಲ. ನಾಲ್ಕು ತಿಂಗಳ ಮೇಲೆ ಸಂಪಾದಕರ ಉತ್ತರ ಬಂತು: ಫಲಿತಾಂಶ ಸ್ವಾರಸ್ಯಕರವಾಗಿಲ್ಲ, ಲೇಖಕರು ಯಾವ ಸಂಸ್ಥೆಯವರೆಂದೂ ತಿಳಿಯದು. ನಿಜ, ಅಮೃತಹಳ್ಳಿ ಸಂಸ್ಥೆಯಲ್ಲ. ಶಾರದಮ್ಮ ಆ ಹಾಳೆಗಳಿಗೂ ದಾರ ಕಟ್ಟಿ ಅದೇ ಬೀರುವಿನೊಳಗಿಟ್ಟರು. "ಹುಡ್ಕೋರಿಗೆ ಸಿಗತ್ತೆ ಬಿಡಿ," ಎಂದರು.

ಈಗ ಯಾರಾದರೂ ಹತ್ತು ಸಂಶೋಧನೆ ಹೀಗೆ ಹೇಳಿವೆ ಎಂದರೆ, ಯಾರ ತೋಟದಲ್ಲಿ, ಯಾರ ಖರ್ಚಿನಲ್ಲಿ ಎಂದು ಕೇಳುತ್ತೇನೆ. ಸ್ನೇಹಿತರು ಕಡಿಮೆಯಾಗಿದ್ದಾರೆ. ನೀವಾದರೂ ಬರೆಯಿರಿ: ದೊಡ್ಡವರ ಮಾತು ನಂಬಿ ಏನು ಮಾಡಿದಿರಿ, ಯಾವ ಊರಲ್ಲಿ, ಯಾವ ತಿಂಗಳಲ್ಲಿ, ಏನು ಕೆಟ್ಟಿತು. ಕನ್ನಡದಲ್ಲೇ ಇರಲಿ, ಎರಡೇ ಸಾಲಾದರೂ ಸಾಕು. ಗೆದ್ದವರು ಮಾತ್ರ ದಯವಿಟ್ಟು ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮದನ್ನು ಅಚ್ಚು ಹಾಕಲು ಬಹಳ ಜನ ಕಾದಿದ್ದಾರೆ.