ಚಾಕೊಲೇಟಿನಲ್ಲಿ ಅದ್ದಿದ ಶನಿವಾರ

ಸ್ಟ್ರಾಬೆರಿಯಷ್ಟು ಮುಖಸ್ತುತಿಗೆ ಒಳಗಾದ ಹಣ್ಣು ಇನ್ನೊಂದಿರಲಾರದು. ಐಸ್ ಕ್ರೀಮಿನ ಡಬ್ಬಿಯ ಮೇಲೆ, ಸೋಪಿನ ಹೊದಿಕೆಯ ಮೇಲೆ, ಮಕ್ಕಳ ಕೆಮ್ಮಿನ ಔಷಧಿಯ ಸೀಸೆಯ ಮೇಲೆ ಕೂಡ ಅದರ ಚಿತ್ರವಿರುತ್ತದೆ. ಆ ಚಿತ್ರಗಳನ್ನು ನಂಬಿ ನಿಜವಾದ ಹಣ್ಣನ್ನು ಕಚ್ಚಿದವರು ಮಾತ್ರ ಒಂದು ಕಣ್ಣು ಮುಚ್ಚಿ, ಹುಣಸೆಹಣ್ಣಿನ ದೂರದ ನೆಂಟನನ್ನು ಅನಿರೀಕ್ಷಿತವಾಗಿ ಕಂಡವರ ಮುಖ ಮಾಡುತ್ತಾರೆ. ನಾನು ಹಾವೇರಿ ಕಡೆಯವನು. ಕೆಂಪಗೆ ರಾಶಿ ಬಿದ್ದದ್ದೆಲ್ಲ ಮೆಣಸಿನಕಾಯಿ ಎಂಬ ತಿಳುವಳಿಕೆಯಲ್ಲಿ ಬೆಳೆದವನಾದ್ದರಿಂದ ನಲವತ್ತು ದಾಟುವವರೆಗೂ ನನಗೂ ಈ ಹಣ್ಣಿಗೂ ಮುಖಪರಿಚಯಕ್ಕಿಂತ ಹೆಚ್ಚಿನ ಬಾಂಧವ್ಯವಿರಲಿಲ್ಲ. ಬಾಂಧವ್ಯ ಕೂಡಿಬಂದದ್ದು ಮದುವೆಯಿಂದ; ಬಹಳಷ್ಟು ಬಾಂಧವ್ಯಗಳು ಕೂಡಿಬರುವುದು ಹಾಗೆಯೇ ಅಲ್ಲವೇ?

ನನ್ನ ಮದುವೆ ತಡವಾಗಿ ಆಯಿತು. ಎಷ್ಟು ತಡವೆಂದರೆ, ನನಗೆ ಹೆಣ್ಣು ನೋಡಿ ನೋಡಿ ದಣಿದ ಹಿರಿಯರು ನನ್ನ ವಿಷಯವನ್ನೇ ಮರೆತು, ನನ್ನ ಅಣ್ಣನ ಮಕ್ಕಳಿಗೆ ಹೆಣ್ಣು ನೋಡುವ ಕಾಯಕಕ್ಕೆ ಇಳಿದಿದ್ದರು. ಆಗ ಕಗ್ಗದಾಸಪುರದಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆ. ಊರು ಹಳ್ಳಿಯಾಗಿರುವುದನ್ನು ಬಿಟ್ಟಿತ್ತು, ನಗರವಾಗುವುದನ್ನು ಇನ್ನೂ ಕಲಿತಿರಲಿಲ್ಲ. ನನ್ನ ಬ್ರಹ್ಮಚರ್ಯದ ಸ್ಥಿತಿಯೂ ಹೆಚ್ಚುಕಡಿಮೆ ಹಾಗೇ ಇತ್ತು. ಹಲಸೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಮಂಜುಳಾ ಆಫೀಸಿನ ಗೆಳೆಯರೊಬ್ಬರ ಮೂಲಕ ಪರಿಚಯವಾದರು. ಕೆಲವು ವರ್ಷಗಳ ಹಿಂದೆ ಗಂಡ ಕಾಯಿಲೆಯಿಂದ ತೀರಿಕೊಂಡಿದ್ದರು. ಹನ್ನೊಂದು ವರ್ಷದ ಮಗಳಿದ್ದಳು, ಸಿಂಧು. ನಾವಿಬ್ಬರೂ ಯೋಚಿಸಿಯೇ ಮದುವೆಯಾದೆವು. ತಾಯಿ, ಮಗಳು, ಒಂದು ಉಕ್ಕಿನ ಬೀರು ಮತ್ತು ಅಪಾರ ಸಂಖ್ಯೆಯ ಸ್ಟೀಲ್ ಡಬ್ಬಿಗಳು ನನ್ನ ಮನೆಗೆ ಬಂದವು.

ಆದರೆ ಒಂದು ಪ್ರಶ್ನೆಯನ್ನು ನಾವು ಯೋಚಿಸಿರಲಿಲ್ಲ. ಈ ಹುಡುಗಿ ನನ್ನನ್ನು ಏನೆಂದು ಕರೆಯಬೇಕು? ಮದುವೆಗೆ ಬಂದ ಹಿರಿಯರೊಬ್ಬರು 'ಅಪ್ಪ ಅನ್ನಮ್ಮ' ಎಂದಾಗ ಅವಳು ತನ್ನ ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಳ್ಳುವುದರಲ್ಲಿ ಮಗ್ನಳಾದಳು. 'ಅಂಕಲ್' ಎಂದರೆ ಆಯಿತೆಂದು ಇನ್ನೊಬ್ಬರು ಸೂಚಿಸಿದರು. ಅದೂ ಅವಳಿಗೆ ರುಚಿಸಲಿಲ್ಲ. ಕೊನೆಗೆ ಅವಳೇ ಒಂದು ಮಾರ್ಗ ಕಂಡುಕೊಂಡಳು. ಕನ್ನಡ ಎಂತಹ ದಯಾಮಯಿ ಭಾಷೆ ಎಂಬುದು ನನಗೆ ತಿಳಿದದ್ದು ಆಗ. ಕರ್ತೃವೇ ಇಲ್ಲದೆ ಇಲ್ಲಿ ವಾಕ್ಯ ನಡೆಯುತ್ತದೆ, ಸಂಸಾರವೂ ನಡೆಯುತ್ತದೆ. 'ಊಟಕ್ಕೆ ಬರಬೇಕಂತೆ.' 'ಫೋನ್ ಬಂದಿದೆ.' 'ಗ್ಯಾಸ್ ಖಾಲಿಯಂತೆ.' ಅವಳ ಮಾತುಗಳು ನನ್ನ ಭುಜದ ಪಕ್ಕದ ಗೋಡೆಗೆ ತಾಗಿ ನನಗೆ ತಲುಪುತ್ತಿದ್ದವು. ಒರಟುತನವಿರಲಿಲ್ಲ, ಹಟವೂ ಇರಲಿಲ್ಲ. ನಾನು ಮನೆಯಲ್ಲಿ ಹವಾಮಾನದಂತೆ ಇದ್ದೆ: ಇದ್ದದ್ದು ನಿಜ, ಆದರೆ ಯಾರೂ ಹವಾಮಾನವನ್ನು ಹೆಸರು ಹಿಡಿದು ಕರೆಯುವುದಿಲ್ಲ.

ನನಗೆ ನೋವಾಗುತ್ತಿರಲಿಲ್ಲವೆಂದರೆ ಸುಳ್ಳಾದೀತು. ಆದರೆ ಮಂಜುಳೆಗೆ ನನಗಿಂತ ಹೆಚ್ಚು ನೋವಾಗುತ್ತಿತ್ತಾದ್ದರಿಂದ ಅವಳ ಮುಂದೆ ನಗುನಗುತ್ತಲೇ ಇರುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಇಂದಿರಾನಗರಕ್ಕೆ ಹೋಗಿದ್ದೆವು. ಅಲ್ಲಿನ ಕೇಕ್ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಸ್ಟ್ರಾಬೆರಿಗಳನ್ನು ಸೊಂಟದವರೆಗೆ ಚಾಕೊಲೇಟಿನಲ್ಲಿ ಅದ್ದಿ, ಹಸಿರು ತೊಟ್ಟುಗಳನ್ನು ಮೇಲೆ ಮಾಡಿ, ಸಾಲಾಗಿ ಕೂರಿಸಿದ್ದರು. ಸಿಂಧು ಅಲ್ಲಿ ನಿಂತಳು. ಕೊಡಿಸಲೇ ಎಂದು ಕೇಳಿದರೆ ತಲೆಯಾಡಿಸಿ ಬೇಡವೆಂದಳು. ಮನೆಗೆ ಬರುವಾಗ ಆಟೋದಲ್ಲಿ ತಾಯಿಯ ಕಿವಿಯಲ್ಲಿ, "ಅದನ್ನ ಮನೇಲೇ ಮಾಡ್ಬಹುದಮ್ಮ, ಟೀವೀಲಿ ತೋರಿಸಿದ್ರು" ಎಂದು ಹೇಳಿದ್ದು ನನಗೂ ಕೇಳಿಸಿತು. ಆಟೋದಲ್ಲಿ ಗುಟ್ಟು ಹೇಳುವವರು ಎಂಜಿನ್ನಿನ ಸದ್ದನ್ನು ಮೀರಿಸಬೇಕಾದ್ದರಿಂದ ಅದು ಚಾಲಕನಿಗೂ ಕೇಳಿಸಿರಬೇಕು.

ಮುಂದಿನ ಶನಿವಾರ ಮಂಜುಳಾ ಉತ್ತರಪತ್ರಿಕೆ ತಿದ್ದಲು ಶಾಲೆಗೆ ಹೋಗಬೇಕಿತ್ತು. ನಾನು ಬೆಳಿಗ್ಗೆಯೇ ಶಿವಾಜಿನಗರದ ಬಸ್ಸು ಹಿಡಿದು, ಮಾರ್ಕೆಟ್ಟಿನಿಂದ ಸ್ಟ್ರಾಬೆರಿ ತಂದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಬೇಕರಿ ಸಾಮಾನಿನ ಅಂಗಡಿಯಿತ್ತು. ಅಲ್ಲಿ ಇಟ್ಟಿಗೆಯಂತಹ ಚಾಕೊಲೇಟ್ ಕೊಂಡೆ. "ಬಿಸಿನೀರಿನ ಪಾತ್ರೆ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಸಾರ್. ಚಾಕೊಲೇಟಿಗೆ ಮಾತ್ರ ನೀರು ತಾಗಬಾರ್ದು," ಎಂದು ಅಂಗಡಿಯವರು ಹೇಳಿದ್ದರು. ಹದಿನೈದು ವರ್ಷ ಸ್ವಂತ ಕೈಯಡುಗೆ ಉಂಡವನಿಗೆ ಇದನ್ನೆಲ್ಲ ಹೇಳಬೇಕೆ ಎಂಬಂತೆ ತಲೆಯಾಡಿಸಿದ್ದೆ.

ಕರಗಿಸುವವರೆಗೆ ಎಲ್ಲವೂ ಸುಸೂತ್ರ. ಚಾಕೊಲೇಟು ಕನ್ನಡಿಯಂತೆ ಹೊಳೆಯಿತು. ಬಗ್ಗಿ ನೋಡಿದರೆ ನನ್ನ ಬೋಳುತಲೆ ಅದರಲ್ಲಿ ಕಂಡಿತು. ಸಿಂಧು ಅಡುಗೆಮನೆಯ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು, ಆದರೆ ಪುಟ ತಿರುಗಿಸುತ್ತಿರಲಿಲ್ಲ. ನಾನು ಶುಚಿತ್ವದ ಪರಮ ಭಕ್ತನಾಗಿ ಹಣ್ಣುಗಳನ್ನು ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು, ತೊಟ್ಟಿಕ್ಕುತ್ತಿರುವಂತೆಯೇ ಒಂದರ ಹಿಂದೊಂದು ಅದ್ದಿದೆ. ನಾಲ್ಕನೆಯದೋ ಐದನೆಯದೋ ಹಣ್ಣಿಗೆ ಚಾಕೊಲೇಟು ಮುನಿಸಿಕೊಂಡಿತು. ಹೊಳಪು ಹೋಗಿ, ತರಿತರಿಯಾಗಿ, ಕೊನೆಗೆ ಚಮಚಕ್ಕೆ ಅಂಟಿಕೊಂಡು ರಾಗಿಮುದ್ದೆಯಂತೆ ಸುತ್ತತೊಡಗಿತು. ಗಟ್ಟಿಯಾದದ್ದನ್ನು ತೆಳುಮಾಡುವ ವಿದ್ಯೆ ನನಗೆ ಸಾರಿನಿಂದ ಸಿದ್ಧಿಸಿತ್ತು. ಒಂದು ಚಮಚ ನೀರು ಹಾಕಿದೆ. ಮುದ್ದೆ ಇನ್ನಷ್ಟು ಬಿಗಿಯಿತು.

"ನೀರು ಬಿದ್ರೆ ಹಾಳಾಗತ್ತಂತೆ," ಎಂದಳು ಸಿಂಧು, ಗೋಡೆಗೆ.

"ಮೊದ್ಲೇ ಹೇಳಬಾರ್ದೇನವಾ?"

"ಯಾರೂ ಕೇಳ್ಲಿಲ್ಲ."

ಮಾತು ನ್ಯಾಯವಾಗಿತ್ತು. ನಾನು ಒಲೆ ಆರಿಸಿ, ಸ್ಟೂಲಿನ ಮೇಲೆ ಕುಳಿತೆ. ಒಂದು ಹುಡುಗಿಯ ಮನಸ್ಸನ್ನು ಗೆಲ್ಲಲು ಹೊರಟು ಒಂದು ಪಾತ್ರೆಯ ತಳವನ್ನೂ ಗೆಲ್ಲಲಾಗಲಿಲ್ಲವಲ್ಲ ಎನ್ನಿಸಿತು. ಅವಳು ಪುಸ್ತಕವನ್ನು ಫ್ರಿಜ್ಜಿನ ಮೇಲಿಟ್ಟು ಒಳಗೆ ಬಂದಳು. ಚಮಚಕ್ಕೆ ಅಂಟಿದ್ದ ಮುದ್ದೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ರುಚಿ ಚೆನ್ನಾಗೇ ಇದೆ" ಎಂದಳು. ಆಮೇಲೆ, "ಇನ್ನೂ ಚಾಕೊಲೇಟ್ ಇದ್ಯಾ?" ಎಂದು ಕೇಳಿದಳು.

ಇತ್ತು. ಏನನ್ನೂ ಒಮ್ಮೆಗೇ ಪೂರ್ತಿ ಬಳಸದಿರುವುದು ಒಂಟಿ ಗಂಡಸರ ಹಳೆಯ ಚಾಳಿ. ಅರ್ಧ ಇಟ್ಟಿಗೆ ಹಾಗೇ ಇತ್ತು.

"ಹಣ್ಣು ಪೂರ್ತಿ ಒಣಗ್ಬೇಕು," ಎಂದಳು. ನಾನು ಬಚ್ಚಲುಮನೆಯಿಂದ ಟವೆಲ್ ತಂದೆ. ಅವಳು ಒಂದು ಹಣ್ಣನ್ನು ಅದರಲ್ಲಿ ಒತ್ತಿ ನೋಡಿದಳು. ದಪ್ಪ ಟವೆಲ್ಲಿನ ಎಳೆಗಳು ಹಣ್ಣಿನ ಮೈಗೆ ಅಂಟಿ ಅದಕ್ಕೆ ಬಿಳಿಗಡ್ಡ ಬಂತು. ಇಬ್ಬರಿಗೂ ನಗು ಬಂದರೂ ಇಬ್ಬರೂ ತೋರಗೊಡಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅವಳು ಕೋಣೆಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು.

ತಂದದ್ದು ಒಂದು ಬಿಳಿಯ ಪಂಚೆ. ಒಗೆದು ಒಗೆದು ಹೂವಿನಂತೆ ಮೆತ್ತಗಾದದ್ದು. ನಾನು ಲುಂಗಿ ಉಡುವವನು, ಪಂಚೆ ನನ್ನದಲ್ಲ. ಮದುವೆಯಾದ ಹೊಸತರಲ್ಲಿ ಬೀರು ಜೋಡಿಸುವಾಗ ಮಂಜುಳಾ ಅದನ್ನು ಎದೆಗೆ ಒತ್ತಿಕೊಂಡು, "ಅವರದ್ದು ಅಂತ ಇದೊಂದು ಇರ್ಲಿ ರೀ" ಎಂದಿದ್ದಳು. ಇರಲಿ ಎಂದಿದ್ದೆ. ಅಂದಿನಿಂದ ಅದು ಕೆಳಗಿನ ಖಾನೆಯಲ್ಲಿ ಮಡಿಸಿದ ಮಡಿಕೆ ಬಿಚ್ಚದೆ ಇತ್ತು. ಸಿಂಧು ಅದನ್ನು ಅಡುಗೆಕಟ್ಟೆಯ ಮೇಲೆ ಹರಡಿ ಹಣ್ಣುಗಳನ್ನು ಸುರಿದಳು.

"ಬ್ಯಾಡವಾ. ಕಲೆ ಆಗ್ತದ," ಎಂದೆ. ಗಾಬರಿಯಾದಾಗ ನನ್ನ ನಾಲಿಗೆ ಹಾವೇರಿಗೆ ಓಡಿಹೋಗುತ್ತದೆ.

ಅವಳು ಒಂದು ಹಣ್ಣನ್ನು ಪಂಚೆಯ ಅಂಚಿನಲ್ಲಿ ಸುತ್ತಿ, ಕೂಸಿನ ತಲೆ ಒರೆಸುವವರಂತೆ ಒರೆಸುತ್ತಿದ್ದಳು. "ಇದು ಎಳೆ ಬಿಡಲ್ಲ."

"ಅಮ್ಮ ಏನಂತಾರೋ..."

"ಅಪ್ಪನೂ ನಂಗೆ ಸ್ನಾನ ಆದ್ಮೇಲೆ ಇದ್ರಲ್ಲೇ ತಲೆ ಒರೆಸ್ತಿದ್ದಿದ್ದು," ಎಂದಳು. ನನ್ನೆದುರು ಅವಳು ಅವರ ಮಾತೆತ್ತಿದ್ದು ಅದೇ ಮೊದಲು. ನಾನು ಪಂಚೆಯನ್ನೇ ನೋಡುತ್ತ ನಿಂತೆ. ಅವಳು ತಲೆಯೆತ್ತಿ, ಗೋಡೆಯನ್ನಲ್ಲ, ನನ್ನನ್ನೇ ನೋಡಿ, "ಏನ್ ನೋಡ್ತಾ ನಿಂತಿದೀಯ? ಆ ಕಡೆ ತುದಿ ತಗೊಂಡು ಒರೆಸು, ಬೇಗ" ಎಂದಳು.

ಏಕವಚನದ ಬಗ್ಗೆ ವ್ಯಾಕರಣದ ಪಂಡಿತರು ಏನೇನೋ ಬರೆದಿದ್ದಾರೆ. ನನಗೆ ಆಗ ಯಾವುದೂ ನೆನಪಾಗಲಿಲ್ಲ. ಆ ಕಡೆಯ ತುದಿ ಹಿಡಿದು ಒರೆಸತೊಡಗಿದೆ. ಕಣ್ಣು ಮಂಜಾದ್ದರಿಂದ ಒಂದೆರಡು ಹಣ್ಣುಗಳನ್ನು ಎರಡೆರಡು ಸಲ ಒರೆಸಿರಬೇಕು. ಅವಳು ಅದಕ್ಕೂ ಬೈದಳು: "ಅದನ್ನ ಆಗ್ಲೇ ಒರೆಸಿದೀಯಲ್ಲ, ಇದು ತಗೋ."

ಈ ಬಾರಿ ಚಾಕೊಲೇಟು ಮುನಿಯಲಿಲ್ಲ. ನಾನು ಕರಗಿಸಿದೆ, ಅವಳು ಅದ್ದಿದಳು. ತೊಟ್ಟು ಹಿಡಿದು ಇಳಿಬಿಟ್ಟು, ಒಂದು ಸುತ್ತು ತಿರುಗಿಸಿ, ಹೆಚ್ಚಿನದನ್ನು ಪಾತ್ರೆಗೇ ಉದುರಿಸಿ, ಎಣ್ಣೆ ಸವರಿದ ತಟ್ಟೆಯ ಮೇಲೆ ಕೂರಿಸುವಳು. ಕೆಲವು ಹಣ್ಣುಗಳಿಗೆ ಪಾದ ಬಂತು, ಒಂದಕ್ಕೆ ಬಾಲವೂ ಬಂತು. ಹಾಳಾಗಿದ್ದ ಮುದ್ದೆಯನ್ನು ಬಿಸಿಹಾಲಿನಲ್ಲಿ ಕದಡಿ ಎರಡು ಲೋಟ ಮಾಡಿಕೊಂಡು, ತಟ್ಟೆಯನ್ನು ಫ್ರಿಜ್ಜಿಗೆ ಸೇರಿಸಿ, ಕುಡಿಯುತ್ತ ಕುಳಿತೆವು. ಅವಳು ತನ್ನ ಗಣಿತದ ಮೇಷ್ಟ್ರು ಆಕಳಿಸುವ ರೀತಿಯನ್ನು ಅಭಿನಯಿಸಿ ತೋರಿಸಿದಳು. ನಾನು ಹಾವೇರಿಯ ಸಂತೆಯಲ್ಲಿ ಕಳೆದುಹೋಗಿದ್ದ ಕತೆ ಹೇಳಿದೆ. ನಡುವೆ ಪಂಚೆಯನ್ನು ನಲ್ಲಿಯಡಿ ಹಿಡಿದು ಉಜ್ಜಿದೆವು. ಗುಲಾಬಿ ಕಲೆಗಳು ಅರ್ಧ ಹೋದವು, ಕಂದು ಕಲೆಗಳು ಇನ್ನಷ್ಟು ಹರಡಿದವು. ಬೇರೆ ದಾರಿ ಕಾಣದೆ ಹಿತ್ತಿಲ ಬಾಲ್ಕನಿಯ ತಂತಿಗೆ ಹಾಕಿದೆವು.

ಮಂಜುಳಾ ಬಂದದ್ದು ಬಿಸಿಲು ಇಳಿಯುವಾಗ. ಬ್ಯಾಗು ಇಟ್ಟು, ಮುಖ ತೊಳೆದು, ಬಾಲ್ಕನಿಗೆ ಹೋದವಳು ಅಲ್ಲೇ ನಿಂತಳು. ನಾನು ಹಿಂದೆಯೇ ಹೋಗಿ, "ಮಂಜುಳಾ, ಅದು ಏನಾಯ್ತಂದ್ರ..." ಎಂದು ಶುರುಮಾಡಿದೆ.

"ನಾನೇ ತಗೊಂಡಿದ್ದು ಅಮ್ಮ," ಎಂದಳು ಸಿಂಧು. "ಇವನು ಬೇಡ ಅಂದ." ಮರುಕ್ಷಣ ನಾಲಿಗೆ ಕಚ್ಚಿಕೊಂಡು, "ಅಂದ್ರು," ಎಂದಳು.

ಮಂಜುಳಾ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಪಂಚೆಯ ಕಲೆಯಾದ ಭಾಗವನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಸವರಿದಳು. ಅಷ್ಟರಲ್ಲಿ ಸಿಂಧು ತಟ್ಟೆ ತಂದು ಅವಳ ಮುಂದೆ ಹಿಡಿದಳು. ಬಾಲವಿದ್ದ ಹಣ್ಣನ್ನೇ ಆರಿಸಿಕೊಂಡು ಮಂಜುಳಾ ಕಚ್ಚಿದಳು. ಚಾಕೊಲೇಟಿನ ಹೊರಕವಚ ಸಣ್ಣ ಸದ್ದು ಮಾಡಿ ಒಡೆದು, ಒಳಗಿನ ಹುಳಿಗೆ ಅವಳ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ರಸ ಬೆರಳುಗಳ ಮೇಲೆ ಇಳಿಯಿತು.

"ಚೆನ್ನಾಗಿದ್ಯಾ?" ಎಂದಳು ಸಿಂಧು.

"ತಡಿ, ಇನ್ನೊಂದು ತಿಂದು ಹೇಳ್ತೀನಿ."

ಹಾಗೆನ್ನುತ್ತ, ನೋಡದೆಯೇ ಪಕ್ಕಕ್ಕೆ ಕೈ ಚಾಚಿ, ತಂತಿಯ ಮೇಲಿದ್ದ ಪಂಚೆಯಲ್ಲಿ ಬೆರಳುಗಳನ್ನು ಒರೆಸಿಕೊಂಡಳು.